ಒಳಬೆಳೆದ ಕಾಲುಗುರಿನ ಶಸ್ತ್ರಚಿಕಿತ್ಸೆಯ ಅನಂತರದ ಗೃಹಶುಶ್ರೂಷೆ: ಕತಾರಿನ ಸಂದರ್ಭ

ಒಳಬೆಳೆದ ಕಾಲುಗುರೆಂಬುದು, ಕಾಲಿನ ಬೆರಳಿನ, ಅದರಲ್ಲಿಯೂ ಬಹುಮಟ್ಟಿಗೆ ಹೆಬ್ಬೆರಳಿನ, ಉಗುರಿನ ಅಂಚು ಪಕ್ಕದ ಚರ್ಮದ ಮಡಿಕೆಯೊಳಕ್ಕೆ ಹೊಕ್ಕು, ಅಲ್ಲಿನ ಮೃದುಮಾಂಸವನ್ನು ಎಡೆಬಿಡದೆ ಒತ್ತುತ್ತ ಚುಚ್ಚುತ್ತ, ಮೊದಲು ನೋವನ್ನೂ ಕೆಂಪನ್ನೂ ಬಾವನ್ನೂ ಅನಂತರ ಕೀವನ್ನೂ ಉಂಟುಮಾಡತಕ್ಕ ವ್ಯಾಧಿ. ವೈದ್ಯರು ಇದನ್ನು ಒನೈಕೋಕ್ರಿಪ್ಟೋಸಿಸ್ ಎಂದು ಕರೆಯುವರು. ಜನರು ಉಗುರುಸುತ್ತು ಎನ್ನುವ ರೋಗಕ್ಕೂ ಇದಕ್ಕೂ ನೆಂಟಸ್ತಿಕೆಯಿದ್ದರೂ ಎರಡೂ ಒಂದೇ ಅಲ್ಲ. ಉಗುರುಸುತ್ತಿನಲ್ಲಿ ಸೋಂಕೇ ಮೂಲ, ಇದರಲ್ಲಿ ಉಗುರು ಮಾಡಿದ ಗಾಯವೇ ಮೂಲವಾಗಿದ್ದು ಸೋಂಕು ಅದರ ಬೆನ್ನಿಗೆ ಬರುವುದು. ಹೈಫೆಟ್ಸ್ ಎಂಬ ವೈದ್ಯನು 1937ರಲ್ಲಿ ಈ ವ್ಯಾಧಿಯನ್ನು ಮೂರು ಅವಸ್ಥೆಗಳಾಗಿ ವಿಂಗಡಿಸಿದನು: ಮೊದಲನೆಯದರಲ್ಲಿ ಕೆಂಪು ಮತ್ತು ನೋವು, ಎರಡನೆಯದರಲ್ಲಿ ಕೀವು ಮತ್ತು ಒಸರುವಿಕೆ, ಮೂರನೆಯದರಲ್ಲಿ ಉಗುರಿನ ಮೇಲಕ್ಕೆ ಉಬ್ಬಿಬರುವ, ಮುಟ್ಟಿದರೆ ರಕ್ತ ಸುರಿಯುವ ಹಸಿಮಾಂಸ. ಮೊದಲನೆಯ ಅವಸ್ಥೆಯಲ್ಲಿ ಉಪಚಾರದಿಂದಲೇ ಶಮನವಾಗಬಹುದಾದರೂ, ಮೂರನೆಯದಕ್ಕೆ ಸಾಮಾನ್ಯವಾಗಿ ಶಸ್ತ್ರವೇ ಗತಿ. ಆ ಶಸ್ತ್ರಕರ್ಮವು ಅರ್ಧ ಗಂಟೆಯೊಳಗೆ ಮುಗಿಯತಕ್ಕ ಕೆಲಸ. ಅದರ ಅನಂತರದ ಶುಶ್ರೂಷೆಯಾದರೋ ವಾರಗಟ್ಟಲೆ ನಡೆಯತಕ್ಕದ್ದು, ಮತ್ತು ಅದು ನಡೆಯುವುದು ರೋಗಿಯ ಕೈಯಲ್ಲಿ, ಅವನ ಮನೆಯಲ್ಲಿ. ಚಿಕಿತ್ಸೆಯ ಹೆಚ್ಚಿನ ಪಾಲು ಹೀಗೆ ಆಸ್ಪತ್ರೆಯ ಬಾಗಿಲಾಚೆಗೆ ಉಳಿಯುವುದರಿಂದ, ಆ ಮನೆ ಎಂಥದು, ಅಲ್ಲಿ ಯಾರಿದ್ದಾರೆ, ಮರಳಿ ಹೋಗಬೇಕಾದ ಉದ್ಯೋಗ ಯಾವುದು ಎಂಬ ಪ್ರಶ್ನೆಗಳನ್ನು ಬಿಟ್ಟು ಈ ವಿಷಯವನ್ನು ವಿವೇಚಿಸುವುದು ಸಾಧ್ಯವಿಲ್ಲ.

ಕತಾರಿನಲ್ಲಿರುವ ಭಾರತೀಯರ ಸಂಖ್ಯೆ ಎಂಟು ಲಕ್ಷದಷ್ಟಿದ್ದು, ಅವರೊಳಗೆ ಕನ್ನಡಿಗರೂ, ಮಂಗಳೂರು ಉಡುಪಿ ಭಟ್ಕಳ ಕಾಸರಗೋಡು ಸೀಮೆಗಳ ತುಳು, ಬ್ಯಾರಿ, ಕೊಂಕಣಿ, ನವಾಯತಿ ಮಾತನಾಡುವವರೂ ಸೇರಿರುವರು. ಕುಟುಂಬಸಮೇತರಾಗಿ ದೋಹಾ ನಗರದಲ್ಲಿ ನೆಲೆಸಿದವರು ಒಂದು ವರ್ಗ. ಹೆಂಡತಿಮಕ್ಕಳನ್ನು ಊರಿನಲ್ಲಿ ಬಿಟ್ಟು, ಕಂಪೆನಿಯ ಕ್ಯಾಂಪಿನಲ್ಲಿಯೋ ಬಾಡಿಗೆಯ ಹಂಚಿಕೆಯ ಕೋಣೆಯಲ್ಲಿಯೋ ಇರತಕ್ಕವರು ಇನ್ನೊಂದು ವರ್ಗ. ವೈದ್ಯರು ಕೊಡುವ ಚೀಟಿಯಲ್ಲಿ ಎರಡು ವರ್ಗಕ್ಕೂ ಒಂದೇ ಸೂಚನೆಗಳು ಇರುವುವು. ಕಾಲನ್ನು ಎತ್ತರದಲ್ಲಿಟ್ಟು ಮಲಗಿರುವಾಗ ನೀರು ತಂದುಕೊಡುವವರು, ಪಟ್ಟಿ ಬಿಚ್ಚುವಾಗ ದೀಪ ಹಿಡಿಯುವವರು ಒಬ್ಬನಿಗುಂಟು, ಮತ್ತೊಬ್ಬನಿಗಿಲ್ಲ. ಈ ಲೇಖನದಲ್ಲಿ ಎರಡನೆಯವನ ಸ್ಥಿತಿಯನ್ನೇ ಹೆಚ್ಚಾಗಿ ಮನಸ್ಸಿನಲ್ಲಿಟ್ಟುಕೊಳ್ಳಲಾಗಿದೆ.

ವ್ಯಾಧಿಗೆ ಕಾರಣಗಳು ಹಲವು. ಉಗುರಿನ ಮೂಲೆಗಳನ್ನು ಗುಂಡಗೆ, ಆಳವಾಗಿ ಕತ್ತರಿಸುವ ಅಭ್ಯಾಸವೇ ಇವುಗಳಲ್ಲಿ ಮುಖ್ಯವಾದುದು. ಹಾಗೆ ಕತ್ತರಿಸಿದಾಗ ಮೂಲೆಯಲ್ಲಿ ಕಣ್ಣಿಗೆ ಬೀಳದ ಒಂದು ಮುಳ್ಳು ಉಳಿದು, ಉಗುರು ಮುಂದಕ್ಕೆ ಬೆಳೆದಂತೆಲ್ಲ ಅದು ಮಾಂಸದೊಳಕ್ಕೆ ನಾಟುವುದು. ಮುಂಭಾಗ ಕಿರಿದಾದ ಪಾದರಕ್ಷೆ, ಬೆರಳಿಗೆ ಬಿದ್ದ ಪೆಟ್ಟು, ಹುಟ್ಟಿನಿಂದಲೇ ಬಾಗಿದ ಉಗುರು, ಬೆವರಿನಿಂದ ಮೆತ್ತಗಾದ ಚರ್ಮ, ಇವೂ ಕಾರಣಗಳೇ. ಕತಾರಿನ ಉದ್ಯೋಗಜೀವನದಲ್ಲಿ ಇವುಗಳಲ್ಲಿ ಹಲವು ಒಟ್ಟಿಗೆ ಕೂಡುವುವು. ಕಟ್ಟಡದ ಕೆಲಸದಲ್ಲಿಯೂ, ರಾಸ್ ಲಫಾನ್, ಮೆಸಯೀದ್, ದುಖಾನ್‌ಗಳ ತೈಲ ಹಾಗೂ ಅನಿಲದ ನೆಲೆಗಳಲ್ಲಿಯೂ, ಬೆರಳಿನ ಮೇಲೆ ಉಕ್ಕಿನ ಕವಚವಿರುವ ಸೇಫ್ಟಿ ಶೂ ಧರಿಸದೆ ಒಳಹೊಗುವಂತಿಲ್ಲ. ಆ ಕವಚ ಕಾಲನ್ನು ಕಾಯುವುದು ನಿಜ. ಆದರೆ ಅದು ಚರ್ಮದಂತೆ ಹಿಗ್ಗತಕ್ಕದ್ದಲ್ಲ. ಅಳತೆ ಸರಿಯಿಲ್ಲದ ಶೂವಿನೊಳಗೆ, ಜುಲೈ ಆಗಸ್ಟ್ ತಿಂಗಳುಗಳ ಸೆಕೆಯಲ್ಲಿ, ದಿನಕ್ಕೆ ಹತ್ತು ಗಂಟೆ ಬೆವರಿನಲ್ಲಿ ನೆನೆದ ಹೆಬ್ಬೆರಳು ಎರಡು ಕಡೆಯಿಂದಲೂ ಒತ್ತಡಕ್ಕೆ ಸಿಕ್ಕುವುದು. ದೋಹಾದಲ್ಲಿ ಬೇಸಗೆಯ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆಯೇ ಆಗಿದ್ದು, 2010ರ ಜುಲೈಯಲ್ಲಿ 50.4 ಡಿಗ್ರಿಯೂ ದಾಖಲಾಗಿರುವುದು.

ಉಗುರಿನ ವ್ಯಾಧಿಗಳಿಗೆ ಶಸ್ತ್ರ ಹಿಡಿದ ಚರಿತ್ರೆ ಪ್ರಾಚೀನವಾದುದು. ಸುಶ್ರುತಸಂಹಿತೆಯು ಚಿಪ್ಪ ಮತ್ತು ಕುನಖಗಳೆಂಬ ಉಗುರಿನ ವ್ಯಾಧಿಗಳನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಎಣಿಸುವುದು. ಅಂದಲೂಸಿಯಾದ ಅರಬ್ಬೀ ಶಸ್ತ್ರವೈದ್ಯ ಅಲ್ ಜಹ್ರಾವಿಯು ಮೂವತ್ತು ಭಾಗಗಳ ತನ್ನ ಅಲ್ ತಸ್ರೀಫ್ ಎಂಬ ಮಹಾಗ್ರಂಥದಲ್ಲಿ ಉಗುರಿನ ಬಾವಿನ ಚಿಕಿತ್ಸೆಯನ್ನು ಕುರಿತು ಬರೆದಿರುವನು. ಆದರೆ 1884ರಲ್ಲಿ ಕೊಕೇನಿನ ಮೂಲಕ ಸ್ಥಳೀಯ ಅರಿವಳಿಕೆಯು ರೂಢಿಗೆ ಬರುವವರೆಗೆ ಇಂಥ ಚಿಕಿತ್ಸೆಯೆಲ್ಲ ರೋಗಿಗೆ ಯಾತನೆಯೇ ಆಗಿದ್ದಿರಬೇಕು. ಇಂದು ಬಳಕೆಯಲ್ಲಿರುವ ಲಿಡೋಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು. ಉಗುರನ್ನು ಬರಿದೇ ಕಿತ್ತರೆ ಅದು ಮತ್ತೆ ಬೆಳೆದು ಮತ್ತೆ ಒಳಹೊಗುವುದು ಬಲು ಸಾಮಾನ್ಯವೆಂಬುದನ್ನು ಕಂಡುಕೊಂಡ ವೈದ್ಯರು, ಉಗುರನ್ನು ಹುಟ್ಟಿಸುವ ಮಾತೃಕೆಯ, ಎಂದರೆ ಉಗುರಿನ ಬೇರಿನ, ಅಂಚನ್ನೇ ನಾಶಪಡಿಸುವ ಉಪಾಯಗಳನ್ನು ಹುಡುಕತೊಡಗಿದರು: 1929ರಲ್ಲಿ ವಿನೋಗ್ರಾಡ್ ಉಗುರಿನ ಅಂಚನ್ನೂ ಅದರ ಕೆಳಗಿನ ಬೇರನ್ನೂ ಬೆಣೆಯಾಕಾರವಾಗಿ ಕತ್ತರಿಸಿ ತೆಗೆಯುವ ವಿಧಾನವನ್ನೂ, 1945ರಲ್ಲಿ ಬೋಲ್ ಎಂಬವನು ಬೇರನ್ನು ಫೀನಾಲಿನಿಂದ ಸುಡುವ ವಿಧಾನವನ್ನೂ, 1950ರಲ್ಲಿ ಜಾಡಿಕ್ ಇಡೀ ಮಾತೃಕೆಯನ್ನು ತೆಗೆಯುವ ವಿಧಾನವನ್ನೂ ಪ್ರಕಟಿಸಿದರು, 1959ರಲ್ಲಿ ವಾಂಡನ್‌ಬಾಸ್ ಮತ್ತು ಬೋವರ್ಸ್ ಎಂಬವರು ಉಗುರನ್ನು ಮುಟ್ಟದೆ ಪಕ್ಕದ ಉಬ್ಬಿದ ಮಾಂಸವನ್ನೇ ಕತ್ತರಿಸುವ, ಇದಕ್ಕೆ ತೀರ ವಿಪರೀತವಾದ ಮಾರ್ಗವನ್ನು ಸೂಚಿಸಿದರು.

ಇವುಗಳಲ್ಲಿ ಇಂದು ಲೋಕದಲ್ಲೆಲ್ಲ ಬಹಳವಾಗಿ ನಡೆಯುವುದು, ಉಗುರಿನ ಒಂದು ಅಂಚನ್ನು ಮಾತ್ರ ಉದ್ದಕ್ಕೆ ಸೀಳಿ ತೆಗೆದು, ಅದರ ಬೇರಿಗೆ ಶೇಕಡ 80ರಿಂದ 90ರಷ್ಟು ಸಾಂದ್ರತೆಯ ಫೀನಾಲನ್ನು ಕೆಲವು ನಿಮಿಷ ಸವರುವ ಕ್ರಮ. 1865ರಲ್ಲಿ ಜೋಸೆಫ್ ಲಿಸ್ಟರನು ಗಾಯಗಳ ಕೊಳೆಯುವಿಕೆಯನ್ನು ತಡೆಯಲು ಬಳಸಿದ ಕಾರ್ಬಾಲಿಕ್ ಆಮ್ಲವೂ ಈ ಫೀನಾಲೂ ಒಂದೇ ದ್ರವ್ಯ. ಅದು ಉಗುರನ್ನು ಹುಟ್ಟಿಸುವ ಕಣಗಳನ್ನು ಕೊಲ್ಲುವುದಲ್ಲದೆ ನರಗಳ ತುದಿಗಳನ್ನೂ ಜಡಗೊಳಿಸುವುದರಿಂದ, ಈ ಕ್ರಮದಲ್ಲಿ ಹೊಲಿಗೆಯೂ ಬೇಕಿಲ್ಲ, ಅನಂತರದ ನೋವೂ ಕಡಿಮೆ. ಆದರೆ ಇಲ್ಲಿ ಉಳಿಯುವ ಗಾಯವು ಕತ್ತಿಯ ಗಾಯವಲ್ಲ, ಸುಟ್ಟಗಾಯ. ಮುಚ್ಚಿದ ಗಾಯವಲ್ಲ, ತೆರೆದ ಗಾಯ. ಅದು ಎರಡು ವಾರದಿಂದ ನಾಲ್ಕು ವಾರದವರೆಗೆ, ಕೆಲವರಲ್ಲಿ ಆರು ವಾರದವರೆಗೂ, ತೆಳುವಾದ ನೀರನ್ನು ಒಸರುತ್ತಲೇ ಇರುವುದು. ಮನೆಯ ಶುಶ್ರೂಷೆಯ ಕ್ರಮವೆಲ್ಲ ಈ ಒಂದು ಸಂಗತಿಯಿಂದ ಹೊರಡತಕ್ಕದ್ದಾಗಿದೆ. ತನಗೆ ಆದ ಶಸ್ತ್ರಕರ್ಮ ಯಾವುದು, ಹೊಲಿಗೆ ಇದೆಯೇ ಇಲ್ಲವೇ ಎಂಬುದನ್ನು ರೋಗಿಯು ಆಸ್ಪತ್ರೆಯಿಂದ ಹೊರಡುವ ಮುನ್ನವೇ ಕೇಳಿ ತಿಳಿದಿರಬೇಕು. ಹೊಲಿಗೆ ಹಾಕಿದ ಬೆರಳನ್ನು ವೈದ್ಯರ ಅನುಮತಿಯಿಲ್ಲದೆ ನೀರಿನಲ್ಲಿ ನೆನೆಸಲಾಗದು. ಫೀನಾಲಿನ ಬೆರಳಿಗೆ ತೊಳೆಯುವಿಕೆ ಹಿತಕರ.

ಕತಾರಿನಲ್ಲಿ ಈ ಸಣ್ಣ ಶಸ್ತ್ರಕರ್ಮಕ್ಕೆ ಆಶ್ರಯ ಹಲವೆಡೆ ಉಂಟು. 1957ರಲ್ಲಿ ತೆರೆದ ರುಮೈಲಾ ಆಸ್ಪತ್ರೆ ದೇಶದ ಹಳೆಯ ಆಸ್ಪತ್ರೆಗಳಲ್ಲೊಂದು. ಸರ್ಕಾರಿ ಆಸ್ಪತ್ರೆಗಳ ಆಡಳಿತಕ್ಕಾಗಿ ಹಮದ್ ಮೆಡಿಕಲ್ ಕಾರ್ಪೊರೇಷನ್ 1979ರಲ್ಲಿ ಸ್ಥಾಪಿತವಾಯಿತು. ಬಡಾವಣೆಗಳ ಆರೋಗ್ಯಕೇಂದ್ರಗಳನ್ನು ನಡೆಸುವ ಪ್ರೈಮರಿ ಹೆಲ್ತ್ ಕೇರ್ ಕಾರ್ಪೊರೇಷನ್ 2012ರಿಂದ ಪ್ರತ್ಯೇಕ ಸಂಸ್ಥೆಯಾಗಿದೆ. ಒಂಟಿಯಾಗಿ ವಾಸಿಸುವ ಕಾರ್ಮಿಕರಿಗೆ ಮುಖ್ಯವಾದುವು, ಇಂಡಸ್ಟ್ರಿಯಲ್ ಏರಿಯಾದಲ್ಲಿ 2018ರಲ್ಲಿ ತೆರೆದ ಹಜ್ಮ್ ಮೆಬೈರೀಕ್ ಆಸ್ಪತ್ರೆ, ಮತ್ತು ಕತಾರ್ ರೆಡ್ ಕ್ರೆಸೆಂಟ್ ನಡೆಸಿಕೊಂಡು ಬಂದ ಮೆಸೈಮೀರ್, ಫರೀಜ್ ಅಬ್ದುಲ್ ಅಜೀಜ್, ಜೆಕ್ರೀತ್ ಮುಂತಾದೆಡೆಗಳ ಕಾರ್ಮಿಕ ಆರೋಗ್ಯಕೇಂದ್ರಗಳು. ಖಾಸಗಿ ಕ್ಲಿನಿಕ್ಕುಗಳಲ್ಲಿ ಕನ್ನಡವನ್ನೋ ತುಳುವನ್ನೋ ಮಲಯಾಳವನ್ನೋ ಬಲ್ಲ ವೈದ್ಯರೂ ದಾದಿಯರೂ ಸಿಕ್ಕುವುದುಂಟು. ಸೂಚನೆಯು ತಿಳಿಯುವ ಮಾತಿನಲ್ಲಿ ದೊರೆಯುವುದು ಔಷಧಕ್ಕಿಂತ ಕಡಿಮೆಯ ಉಪಕಾರವಲ್ಲ. ಅರ್ಥವಾಗದ ಸೂಚನೆಗೆ ತಲೆಯಾಡಿಸಿ ಹೊರಬಂದವನು ಕೋಣೆಗೆ ಬಂದ ಮೇಲೆ ಊಹೆಯನ್ನೇ ಅವಲಂಬಿಸಬೇಕಾಗುವುದು.

ಮೊದಲ ದಿನದ ವಿಷಯದಲ್ಲಿ ಹೇಳಬೇಕಾದುದು ವಿಶ್ರಾಂತಿಯೊಂದೇ ಎಂದರೂ ಸಲ್ಲುವುದು. ಅರಿವಳಿಕೆಯ ಪ್ರಭಾವವು ಔಷಧವನ್ನನುಸರಿಸಿ ಒಂದೆರಡು ಗಂಟೆಯಿಂದ ಹಲವು ಗಂಟೆಗಳವರೆಗೆ ಇರುವುದು. ಅಷ್ಟು ಕಾಲ ಬೆರಳಿಗೆ ಬಿಸಿಯೂ ಪೆಟ್ಟೂ ತಿಳಿಯುವುದಿಲ್ಲವಾದ್ದರಿಂದ, ಬಲಗಾಲಿಗೆ ಶಸ್ತ್ರವಾದವನು ತಾನೇ ಕಾರು ನಡೆಸಿಕೊಂಡು ಮರಳುವುದು ಸಲ್ಲದು. ಮನೆಗೆ ಬಂದವನು ಎರಡು ದಿಂಬುಗಳ ಮೇಲೆ ಕಾಲಿಟ್ಟು, ಬೆರಳು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಮಲಗತಕ್ಕದ್ದು. ಇದರಿಂದ ಬಾವೂ ಮಿಡಿಯುವ ನೋವೂ ಇಳಿಯುವುವು. ಕ್ಯಾಂಪಿನ ಅಂತಸ್ತಿನ ಮಂಚಗಳಲ್ಲಿ ಮೇಲಿನ ಮಂಚ ತನ್ನದಾಗಿದ್ದರೆ, ಕೆಳಗಿನವನೊಡನೆ ಕೆಲವು ದಿನ ಬದಲಾಯಿಸಿಕೊಳ್ಳುವುದು ಅವಶ್ಯ. ಕಬ್ಬಿಣದ ಏಣಿಯನ್ನು ಹತ್ತುವಾಗ ದೇಹದ ಭಾರವೆಲ್ಲ ಬೀಳುವುದು ಹೆಬ್ಬೆರಳಿನ ಮೇಲೆಯೇ. ಅಡಿಗೆಯ ಸರದಿಯನ್ನೂ ಆ ವಾರಕ್ಕೆ ಬೇರೊಬ್ಬರು ವಹಿಸಿಕೊಳ್ಳಬೇಕು. ಪಟ್ಟಿಯ ಮೇಲೆ ಅಲ್ಪಸ್ವಲ್ಪ ರಕ್ತ ಕಾಣಿಸಿಕೊಳ್ಳುವುದು ಸಹಜ. ಶಸ್ತ್ರಕಾಲದಲ್ಲಿ ಬೆರಳಿನ ಬುಡಕ್ಕೆ ಬಿಗಿದಿದ್ದ ಕಟ್ಟನ್ನು ಬಿಚ್ಚಿದ ಮೇಲೆ ರಕ್ತವು ರಭಸದಿಂದ ಮರಳುವುದೇ ಅದಕ್ಕೆ ಕಾರಣ. ರಕ್ತವು ಪಟ್ಟಿಯನ್ನು ತೋಯಿಸಿ ಹೊರಬಂದರೆ, ಆ ಪಟ್ಟಿಯನ್ನು ಬಿಚ್ಚದೆ ಅದರ ಮೇಲೆಯೇ ಗಾಜ್ ಎಂಬ ಪಟ್ಟಿಬಟ್ಟೆಯ ಇನ್ನೊಂದು ತುಂಡನ್ನಿಟ್ಟು, ಕಾಲನ್ನೆತ್ತಿ, ಹತ್ತು ಹದಿನೈದು ನಿಮಿಷ ನಡುವೆ ತೆಗೆದು ನೋಡದೆ ಒತ್ತಿಹಿಡಿಯಬೇಕು. ಅಷ್ಟಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಮರಳುವುದೇ ಸರಿ.

ಮೊದಲ ಪಟ್ಟಿಯನ್ನು ವೈದ್ಯರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ 24ರಿಂದ 48 ಗಂಟೆ, ಒದ್ದೆಯಾಗದಂತೆ ಕಾಪಾಡಿ, ಅನಂತರ ಬಿಚ್ಚುವುದು ಕ್ರಮ. ಒಣಗಿದ ರಕ್ತಕ್ಕೆ ಅಂಟಿಕೊಂಡ ಗಾಜ್ ಬಟ್ಟೆಯನ್ನು ಎಳೆದು ಕೀಳುವುದು ಬಹುಜನರು ಮಾಡುವ ತಪ್ಪು. ಹಾಗೆ ಕಿತ್ತಾಗ ಅದರೊಡನೆ ಹೊಸದಾಗಿ ಹುಟ್ಟುತ್ತಿರುವ ಚರ್ಮವೂ ಎದ್ದುಬರುವುದು. ಬೆಚ್ಚನೆಯ ನೀರನ್ನು ಮೆಲ್ಲಗೆ ಸುರಿದು, ಪಟ್ಟಿ ತಾನಾಗಿ ಸಡಿಲುವವರೆಗೆ ಕಾಯಬೇಕು. ಬಳಿಕ ಕೈಗಳನ್ನು ಸೋಪಿನಿಂದ ತೊಳೆದುಕೊಂಡು, ದಿನಕ್ಕೆ ಒಂದು ಅಥವಾ ಎರಡು ಸಲ ಹತ್ತು ಹದಿನೈದು ನಿಮಿಷ ಬೆರಳನ್ನು ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಇಡುವುದನ್ನು ಬಹುಮಂದಿ ವೈದ್ಯರು ಸೂಚಿಸುವರು. ಒಂದು ಲೀಟರು ನೀರಿಗೆ ಎರಡು ಸಣ್ಣ ಚಮಚ ಅಡಿಗೆಯ ಉಪ್ಪು ಸಾಕು. ಉಪ್ಪು ಹೆಚ್ಚಿದಷ್ಟೂ ಗುಣ ಬೇಗವೆಂಬುದು ಭ್ರಮೆ. ನೆನೆಸುವುದರ ಬದಲು ಸ್ನಾನಕಾಲದಲ್ಲಿ ಶವರಿನ ನೀರನ್ನು ಬೆರಳಿನ ಮೇಲೆ ಹರಿಯಗೊಟ್ಟರೆ ಸಾಕೆನ್ನುವ ವೈದ್ಯರೂ ಇರುವರು. ಅನೇಕರು ಒಂದೇ ಬಚ್ಚಲನ್ನು ಬಳಸುವ ವಸತಿಗಳಲ್ಲಿ ಈ ಎರಡನೆಯ ಮತವೇ ಹೆಚ್ಚು ಯುಕ್ತವೆಂದು ತೋರುತ್ತದೆ. ಬೋಗುಣಿಯಲ್ಲಿ ನೆನೆಸುವುದಾದರೆ ಆ ಬೋಗುಣಿ ತನಗೊಬ್ಬನಿಗೇ ಮೀಸಲಾಗಿರಬೇಕು, ಬಟ್ಟೆ ನೆನೆಹಾಕುವ ಬಕೀಟಿನಲ್ಲಿ ಎಂದೂ ಕೂಡದು.

ನೀರಿನ ವಿಷಯದಲ್ಲಿ ಕತಾರಿಗೆ ವಿಶೇಷವಾದ ಒಂದು ಎಚ್ಚರಿಕೆಯುಂಟು. ಅಲ್ಲಿನ ನಲ್ಲಿಯ ನೀರು ಬಹುತೇಕ ಸಮುದ್ರಜಲವನ್ನು ಲವಣಮುಕ್ತಗೊಳಿಸಿ ಒದಗಿಸಿದುದು. ಶುದ್ಧಿಯ ದೃಷ್ಟಿಯಿಂದ ಗಾಯ ತೊಳೆಯಲು ಅಡ್ಡಿಯಿಲ್ಲ. ಆದರೆ ಮನೆಗಳ ತಾರಸಿಯ ತೊಟ್ಟಿಗಳಲ್ಲಿ ಆ ನೀರು ಹಗಲೆಲ್ಲ ಬಿಸಿಲಿಗೆ ಕಾದು, ಬೇಸಗೆಯಲ್ಲಿ ತಣ್ಣೀರಿನ ನಲ್ಲಿಯಿಂದಲೇ ಮುಟ್ಟಲಾಗದಷ್ಟು ಬಿಸಿಯಾಗಿ ಬರುವುದುಂಟು. ಊರಿನ ಬಾವಿಯ ನೀರಿನ ಅಭ್ಯಾಸದಿಂದ ನೇರವಾಗಿ ಕಾಲೊಡ್ಡಿದವನಿಗೆ ಗಾಯದ ಮೇಲೆ ಇನ್ನೊಂದು ಸುಟ್ಟಗಾಯವಾದೀತು. ಬಕೀಟಿನಲ್ಲಿ ಹಿಡಿದು ಆರಲು ಬಿಟ್ಟು, ಮೊಣಕೈಯಿಂದ ಮುಟ್ಟಿನೋಡಿ, ಅನಂತರವೇ ಉಪಯೋಗಿಸಬೇಕು.

ತೊಳೆದ ಬೆರಳನ್ನು ಶುಭ್ರವಾದ ಗಾಜ್ ಬಟ್ಟೆಯಿಂದ ಉಜ್ಜದೆ ಒತ್ತಿ ಒಣಗಿಸಿ, ವೈದ್ಯರು ಕೊಟ್ಟ ಮುಲಾಮನ್ನೋ, ಏನನ್ನೂ ಕೊಡದಿದ್ದರೆ ತೆಳ್ಳಗೆ ವ್ಯಾಸಲೀನನ್ನೋ ಸವರಿ, ಗಾಯಕ್ಕೆ ಅಂಟದ ಬಗೆಯ ಪಟ್ಟಿಯನ್ನಿಟ್ಟು ಸಡಿಲವಾಗಿ ಸುತ್ತತಕ್ಕದ್ದು. ಬಿಗಿದು ಸುತ್ತಿದರೆ ಬೆರಳ ತುದಿ ಬಿಳಿಚಿಕೊಂಡೋ ನೀಲಿಗಟ್ಟಿಯೋ ಜುಮುಗುಟ್ಟುವುದು. ಆ ಕೂಡಲೆ ಬಿಚ್ಚಿ ಸುತ್ತಬೇಕು. ಗಾಯವು ಗಾಳಿಯಾಡಿದರೆ ಬೇಗ ಒಣಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದ್ದರೂ, ಚರ್ಮವು ತೇವವಾದ ಮುಚ್ಚಿದ ಸ್ಥಿತಿಯಲ್ಲಿಯೇ ಚೆನ್ನಾಗಿ ಬೆಳೆಯುವುದೆಂಬುದನ್ನು ಆಧುನಿಕ ವೈದ್ಯವು ಕಂಡುಕೊಂಡಿದೆ. ಅದೂ ಅಲ್ಲದೆ, ವಾಯುವ್ಯದಿಂದ ಬೀಸುವ ಶಮಾಲ್ ಗಾಳಿಯು ಮರುಭೂಮಿಯ ನುಣ್ಣನೆಯ ಧೂಳನ್ನು ಬಾಗಿಲ ಸಂದಿಯಿಂದಲೂ ಒಳಕ್ಕೆ ತರುವ ನಾಡಿನಲ್ಲಿ, ತೆರೆದ ಗಾಯವನ್ನು ಗಾಳಿಗೆ ಬಿಡುವುದೆಂದರೆ ಮಣ್ಣಿಗೆ ಬಿಟ್ಟಂತೆಯೇ.

ಈ ಸಂದರ್ಭದಲ್ಲಿ ನಾಟಿ ಉಪಚಾರದ ಮಾತನ್ನು ಎತ್ತದೆ ಮುಂದುವರಿಯಲಾಗದು. ದೂರವಾಣಿಯಲ್ಲಿ ಊರಿನಿಂದ ತಾಯಿ ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚೆನ್ನುವಳು. ಕೋಣೆಯ ಗೆಳೆಯನು ಕಾಫಿಪುಡಿಯನ್ನೋ ಸುಣ್ಣವನ್ನೋ ಸೂಚಿಸುವನು. ಪ್ರೀತಿಯಿಂದ ಬಂದ ಸಲಹೆಯನ್ನು ಹೀಗಳೆಯಬೇಕಾಗಿಲ್ಲ. ಅರಿಶಿನಕ್ಕೆ ರೋಗಾಣುಗಳನ್ನು ತಡೆಯುವ ಗುಣವಿದೆಯೆಂಬುದನ್ನೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಅಡಿಗೆಮನೆಯ ಡಬ್ಬಿಯ ಪುಡಿಯು ಶುದ್ಧೀಕರಿಸಿದ ಔಷಧವಲ್ಲ. ಅದು ಗಾಯದ ಕುಳಿಯಲ್ಲಿ ಗಂಟುಗಟ್ಟಿ ಒಸರನ್ನು ಒಳಗೇ ತಡೆಹಿಡಿಯುವುದು, ಮೇಲಾಗಿ ತನ್ನ ಬಣ್ಣದಿಂದ ಕೆಂಪನ್ನೂ ಕೀವನ್ನೂ ಮರೆಮಾಡಿ ಪರೀಕ್ಷಿಸುವ ವೈದ್ಯನನ್ನು ದಾರಿತಪ್ಪಿಸುವುದು. ಸುಣ್ಣವು ಸ್ವತಃ ಸುಡತಕ್ಕ ಕ್ಷಾರ. ಡೆಟಾಲನ್ನು ನೀರು ಬೆರೆಸದೆ ಸುರಿಯುವುದೂ, ಹೈಡ್ರೋಜನ್ ಪೆರಾಕ್ಸೈಡಿನಿಂದ ದಿನವೂ ನೊರೆಯೆಬ್ಬಿಸುವುದೂ ರೋಗಾಣುಗಳೊಡನೆ ಹೊಸ ಕಣಗಳನ್ನೂ ಕೊಲ್ಲುವುವು. ನೀರು, ಮೃದುವಾದ ಸೋಪು, ಶುಭ್ರವಾದ ಪಟ್ಟಿ: ಈ ಗಾಯ ಕೇಳುವುದು ಇಷ್ಟನ್ನೇ.

ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು. ಗಲ್ಫಿನ ಕನ್ನಡಿಗರು ಇದನ್ನು ಪೆನಡಾಲ್ ಎಂದೇ ಬಲ್ಲರು. ಪ್ರಾಪ್ತವಯಸ್ಕನು ದಿನಕ್ಕೆ 4 ಗ್ರಾಮನ್ನು ಮೀರಲಾಗದು, ಯಕೃತ್ತಿನ ತೊಂದರೆಯುಳ್ಳವನು ವೈದ್ಯರನ್ನು ಕೇಳದೆ ಅಷ್ಟನ್ನೂ ತೆಗೆದುಕೊಳ್ಳಲಾಗದು. ರಕ್ತವನ್ನು ತೆಳುಗೊಳಿಸುವ ಆಸ್ಪಿರಿನನ್ನು ನೋವಿಗೆಂದು ನುಂಗಬಾರದು. ಹೃದ್ರೋಗಕ್ಕಾಗಿ ಮೊದಲೇ ತೆಗೆದುಕೊಳ್ಳುತ್ತಿರುವವನು ತಾನಾಗಿ ಅದನ್ನು ನಿಲ್ಲಿಸಲೂಬಾರದು. ಇಲ್ಲಿ ಕಾನೂನಿಗೆ ಸಂಬಂಧಿಸಿದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಊರಿನಿಂದ ಬರುವ ಪರಿಚಿತರ ಕೈಯಲ್ಲಿ ನೋವಿನ ಮಾತ್ರೆ ತರಿಸಿಕೊಳ್ಳುವ ರೂಢಿ ನಮ್ಮವರಲ್ಲಿ ಬಹಳ. ಟ್ರಮಡಾಲ್, ಕೊಡೀನ್, ಪ್ರಿಗ್ಯಾಬಲಿನ್, ಡಯಾಜೆಪಾಮ್ ಮೊದಲಾದವು ಕತಾರಿನಲ್ಲಿ ನಿರ್ಬಂಧಿತ ದ್ರವ್ಯಗಳ ಸಾಲಿಗೆ ಸೇರಿದ್ದು, ಇವುಗಳನ್ನು ತಂದು ವಿಮಾನನಿಲ್ದಾಣದಲ್ಲಿ ಸೆರೆಯಾಗದಂತೆ ಭಾರತೀಯ ರಾಯಭಾರ ಕಚೇರಿಯು ಪ್ರಯಾಣಿಕರನ್ನು ಎಚ್ಚರಿಸಿರುವುದುಂಟು. ಒಂದು ಬೆರಳಿನ ನೋವಿಗಾಗಿ ಬೇರೊಬ್ಬನನ್ನು, ಅವನಿಗೆ ತಿಳಿಯದೆಯೇ, ಇಂಥ ಆಪತ್ತಿಗೆ ದೂಡುವುದು ದೊಡ್ಡ ಅನ್ಯಾಯ. ಪ್ರತಿಜೀವಕಗಳ ವಿಷಯದಲ್ಲಿಯೂ ಎಚ್ಚರ ಬೇಕು. ಫೀನಾಲಿನ ಶಸ್ತ್ರದ ಅನಂತರ ಅವು ಎಲ್ಲರಿಗೂ ಬೇಕಾಗುವುದಿಲ್ಲ; ಬೇಕಾದವನಿಗೆ ವೈದ್ಯರು ಬರೆದುಕೊಡುವರು, ಬರೆದುಕೊಟ್ಟಷ್ಟು ದಿನ ಪೂರ್ತಿಯಾಗಿ ತೆಗೆದುಕೊಳ್ಳಬೇಕು. ರಂಜಾನ್ ಮಾಸದಲ್ಲಿ ಉಪವಾಸವಿರುವವರು ಇಫ್ತಾರ್ ಮತ್ತು ಸಹರಿಯ ವೇಳೆಗೆ ಹೊಂದುವಂತೆ ಮಾತ್ರೆಯ ಹೊತ್ತನ್ನು ವೈದ್ಯರಿಂದಲೇ ಗೊತ್ತುಮಾಡಿಸಿಕೊಳ್ಳಬಹುದು.

ದಿನಕ್ಕೆ ಐದು ಬಾರಿ ವುಜೂ ಮಾಡಿ ಪಾದ ತೊಳೆಯುವ ನಮಾಜಿಗಳಿಗೆ ಪಟ್ಟಿಯ ವಿಷಯದಲ್ಲಿ ಸಂದೇಹ ಬರುವುದು ಸ್ವಾಭಾವಿಕ. ಗಾಯದ ಕಟ್ಟಿನ ಮೇಲೆ ಒದ್ದೆ ಕೈಯನ್ನು ಸವರಿದರೆ ಸಾಕೆಂಬ ರಿಯಾಯಿತಿಯನ್ನು ಇಸ್ಲಾಮೀ ಧರ್ಮಶಾಸ್ತ್ರವು ಬಹು ಹಿಂದಿನಿಂದಲೂ ಅಂಗೀಕರಿಸಿದೆ. ಅದರ ವಿವರಗಳನ್ನು ತಮ್ಮ ಉಸ್ತಾದರಿಂದ ಕೇಳಿಕೊಳ್ಳುವುದು ಲೇಸು. ಮಸೀದಿಗೆ ಹೋಗುವವರೂ, ಮನೆಯ ಹೊಸ್ತಿಲಲ್ಲಿಯೇ ಚಪ್ಪಲಿ ಕಳಚುವ ನಮ್ಮೆಲ್ಲರೂ, ಬರಿಗಾಲಿನಲ್ಲಿ ನಡೆಯುವಾಗ ಪಟ್ಟಿಯ ಮೇಲೆ ಶುಭ್ರವಾದ ಸಡಿಲ ಕಾಲುಚೀಲ ಹಾಕಿಕೊಳ್ಳಬಹುದು. ಸಾರ್ವಜನಿಕ ಬಚ್ಚಲಿನಲ್ಲಿ ಮಾತ್ರ ರಬ್ಬರು ಚಪ್ಪಲಿಯಿಲ್ಲದೆ ಕಾಲಿಡಲಾಗದು. ಈಜುಕೊಳವೂ ಸಮುದ್ರಸ್ನಾನವೂ ಗಾಯ ಪೂರ್ತಿ ಮುಚ್ಚುವವರೆಗೆ ವರ್ಜ್ಯ.

ಗೃಹಶುಶ್ರೂಷೆಯ ಅತ್ಯಂತ ಕಠಿನವಾದ ಭಾಗವು ಉದ್ಯೋಗಕ್ಕೆ ಮರಳುವ ಪ್ರಶ್ನೆ. ಮೇಜಿನ ಮುಂದೆ ಕುಳಿತು ಕೆಲಸಮಾಡುವವನು, ತೆರೆದ ಚಪ್ಪಲಿ ಹಾಕಲು ಅನುಮತಿಯಿದ್ದರೆ, ಎರಡು ಮೂರು ದಿನಗಳಲ್ಲಿ ಹೋಗಬಹುದು. ಹೋಟೆಲಿನಲ್ಲಿ ದಿನವಿಡೀ ನಿಲ್ಲತಕ್ಕವನಿಗೂ, ಬೈಕಿನಲ್ಲಿ ಊಟ ತಲಪಿಸುವವನಿಗೂ, ಕಟ್ಟಡದ ಕೆಲಸದವನಿಗೂ ಅಷ್ಟು ಸಾಲದು. ಉಕ್ಕಿನ ಮೂತಿಯ ಶೂವಿನೊಳಕ್ಕೆ ಪಟ್ಟಿಸಹಿತವಾದ ಬೆರಳನ್ನು ಮೊದಲ ವಾರದಲ್ಲಿಯೇ ತುರುಕುವುದೆಂದರೆ, ಯಾವ ಒತ್ತಡವು ವ್ಯಾಧಿಯನ್ನು ತಂದಿತೋ ಅದನ್ನೇ ಹಸಿಗಾಯದ ಮೇಲೆ ಹೇರಿದಂತೆ. ಇತ್ತ ಸೇಫ್ಟಿ ಶೂ ಇಲ್ಲದೆ ಸೈಟಿಗೆ ಹೋಗುವುದೂ ಅಪಾಯ. ಚಪ್ಪಲಿಯಲ್ಲಿ ಹೋದ ಕಾಲಿನ ಮೇಲೆ ಕಬ್ಬಿಣ ಬಿದ್ದರೆ ಬೆರಳೇ ಹೋದೀತು. ಆದ್ದರಿಂದ ಇವರಿಗೆ ರಜೆಯೋ ಹಗುರ ಕೆಲಸವೋ ಅನುಗ್ರಹವಲ್ಲ, ಚಿಕಿತ್ಸೆಯ ಅಂಗ. ಕತಾರಿನ 2004ನೆಯ ಇಸವಿಯ 14ನೆಯ ಸಂಖ್ಯೆಯ ಕಾರ್ಮಿಕ ಕಾನೂನು, ತನ್ನ 82ನೆಯ ವಿಧಿಯಲ್ಲಿ, ಮೂರು ತಿಂಗಳು ಸೇವೆ ಸಲ್ಲಿಸಿದ ಕಾರ್ಮಿಕನಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ಮೊದಲ ಎರಡು ವಾರ ಪೂರ್ಣ ವೇತನದ, ಮುಂದಿನ ನಾಲ್ಕು ವಾರ ಅರ್ಧ ವೇತನದ ಕಾಯಿಲೆಯ ರಜೆಯನ್ನು ವಿಧಿಸಿದೆ. ಬೆರಳಿಗೇನು ರಜೆಯೆಂದು ಸಂಕೋಚಪಟ್ಟು ಸಿಕ್ ಲೀವಿನ ಕಾಗದವನ್ನು ಕೇಳದೆಯೇ ಹೊರಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ವೈದ್ಯರೊಡನೆ ತನ್ನ ಕೆಲಸ ಯಾವುದು, ತೊಡುವ ಶೂ ಎಂಥದು ಎಂಬುದನ್ನು ಬಿಡಿಸಿ ಹೇಳಿ ಆ ಕಾಗದವನ್ನು ಬರೆಸಿಕೊಳ್ಳುವುದರಲ್ಲಿ ಲಜ್ಜೆಪಡತಕ್ಕದ್ದೇನೂ ಇಲ್ಲ.

ಬೇಸಗೆಯ ಸೆಕೆಯ ಕಾರಣ, ಕತಾರಿನ 2021ರ ಆಜ್ಞೆಯಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗಿನ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನ ಕೆಲಸ ನಿಷಿದ್ಧ. ಶಸ್ತ್ರವಾದವನು ಕೆಲಸಕ್ಕೆ ಮರಳಿದ ಮೊದಲ ದಿನಗಳಲ್ಲಿ ಈ ವಿರಾಮವನ್ನು ಶೂ ಕಳಚಿ, ಬೆವರಿದ ಪಟ್ಟಿಯನ್ನು ಬದಲಾಯಿಸಿ, ಕಾಲನ್ನು ಮೇಲಕ್ಕಿಡಲು ಉಪಯೋಗಿಸಿಕೊಳ್ಳಬೇಕು. ಬೆವರಿನಲ್ಲಿ ನೆನೆದ ಪಟ್ಟಿ ಗಾಯಕ್ಕೆ ಹೊದಿಕೆಯಾಗುವುದಿಲ್ಲ, ರೋಗಾಣುಗಳಿಗೆ ಹಾಸಿಗೆಯಾಗುವುದು. ಎರಡು ಜೊತೆ ಹತ್ತಿಯ ಕಾಲುಚೀಲ, ಒಂದು ಪೊಟ್ಟಣ ಗಾಜ್, ಟೇಪು ಇವು ಟಿಫಿನ್ ಡಬ್ಬಿಯ ಚೀಲದಲ್ಲಿಯೇ ಇರಲಿ.

ಮಧುಮೇಹಿಗಳಿಗೆ ಈ ಶುಶ್ರೂಷೆಯ ಸ್ವರೂಪವೇ ಬೇರೆ. ಕತಾರಿನಲ್ಲಿ 2012ರ ರಾಷ್ಟ್ರೀಯ ಸಮೀಕ್ಷೆಯು ಅಲ್ಲಿನ ಪ್ರಜೆಗಳಲ್ಲಿ ವಯಸ್ಕರ ಶೇಕಡ 16.7 ಮಂದಿಯಲ್ಲಿ ಮಧುಮೇಹವನ್ನು ಕಂಡಿತು. ದಕ್ಷಿಣ ಏಷ್ಯದಿಂದ ಹೋದವರೂ ಈ ವ್ಯಾಧಿಗೆ ಬೇಗ ಒಳಗಾಗತಕ್ಕವರೇ. ಬಹುಕಾಲದ ಮಧುಮೇಹದಿಂದ ಪಾದದ ನರಗಳು ಮಂದವಾಗಿ ನೋವು ತಿಳಿಯದೆ ಹೋಗುವುದು, ರಕ್ತನಾಳಗಳು ಕಿರಿದಾಗಿ ಗಾಯ ಮಾಯದಿರುವುದು. ಇಂಥವನು ಬೆರಳಿನ ಶಸ್ತ್ರಕ್ಕೆ ಮುಂಚೆಯೇ ಪಾದದ ರಕ್ತಸಂಚಾರವನ್ನು ಪರೀಕ್ಷಿಸಿಕೊಳ್ಳಬೇಕು. ಅನಂತರ ನೀರಿನ ಬಿಸಿಯನ್ನು ತಾನು ಕಾಲಿನಿಂದ ಅಳೆಯದೆ ಬೇರೊಬ್ಬರ ಕೈಯಿಂದ ಮುಟ್ಟಿಸಿ ನೋಡಬೇಕು. ಕಾಲನ್ನು ದೀರ್ಘಕಾಲ ನೆನೆಸಲೇಬಾರದು. ನೋವಿಲ್ಲವೆಂಬುದು ಅವನ ಪಾಲಿಗೆ ಶುಭಲಕ್ಷಣವಲ್ಲವಾದ್ದರಿಂದ, ಬೆರಳನ್ನು ದಿನವೂ ಕಣ್ಣಿನಿಂದಲೇ ನೋಡಬೇಕು. ಬಗ್ಗಿ ನೋಡಲಾಗದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು, ಹಿಂದಿನ ದಿನದ ಚಿತ್ರದೊಡನೆ ಹೋಲಿಸಬಹುದು. ಒಂಟಿಯಾಗಿರುವ ಎಲ್ಲರಿಗೂ ಇದು ಉಪಯುಕ್ತವಾದ ಅಭ್ಯಾಸ. ಊರಿನ ಮನೆಮಂದಿಗೆ ಆ ಚಿತ್ರ ಹೋದರೆ ಅವರ ಆತಂಕವೂ ಕಡಿಮೆಯಾಗುವುದು.

ಸಹಜವಾದ ಒಸರಾವುದು, ಸೋಂಕಾವುದು ಎಂಬುದನ್ನು ತಿಳಿಯುವುದರಲ್ಲಿ ರೋಗಿಗಳು ಬಹಳ ತಡವರಿಸುವರು. ಫೀನಾಲಿನ ಗಾಯದಿಂದ ಬರುವ ತಿಳಿಹಳದಿಯ ತೆಳುನೀರು ಕೀವಲ್ಲ. ಗಾಯದ ಅಂಚಿನ ಅಲ್ಪ ಕೆಂಪೂ ಮೊದಲ ಎರಡು ವಾರ ನಿರೀಕ್ಷಿತವೇ. ಇಳಿಯುತ್ತಿದ್ದ ನೋವು ಮೂರು ನಾಲ್ಕು ದಿನಗಳ ಮೇಲೆ ತಿರುಗಿ ಏರಿದರೆ, ಕೆಂಪು ಬೆರಳನ್ನು ದಾಟಿ ಪಾದದ ಕಡೆಗೆ ಹರಡಿದರೆ, ಒಸರು ದಪ್ಪಗಾಗಿ ದುರ್ಗಂಧ ಬೀರಿದರೆ, ಜ್ವರ ಚಳಿ ಬಂದರೆ, ಪಾದದಿಂದ ಮೇಲಕ್ಕೆ ಕೆಂಪುಗೆರೆ ಹತ್ತಿದರೆ, ಅದೇ ದಿನ ವೈದ್ಯರನ್ನು ಕಾಣತಕ್ಕದ್ದು. ಬೆರಳು ಕಪ್ಪಿಟ್ಟು ತಣ್ಣಗಾದರೆ ಒಂದು ಗಂಟೆಯನ್ನೂ ಕಳೆಯಲಾಗದು. ಕತಾರಿನಲ್ಲಿ ಆಂಬುಲೆನ್ಸಿನ ದೂರವಾಣಿ 999. ಒಡನೆ ಬರಲು ಯಾರೂ ಇಲ್ಲದವರಿಗೆ, ಭಾಷೆಯ ತೊಡಕಿರುವವರಿಗೆ, ಕರ್ನಾಟಕ ಸಂಘ, ತುಳುಕೂಟ ಮೊದಲಾದ ನಮ್ಮವರ ಸಂಘಗಳ ಕಾರ್ಯಕರ್ತರೂ, ರಾಯಭಾರ ಕಚೇರಿಯ ಆಶ್ರಯದಲ್ಲಿ ಕಾರ್ಮಿಕರಿಗಾಗಿ ವೈದ್ಯಕೀಯ ಶಿಬಿರಗಳನ್ನು ನಡೆಸುತ್ತ ಬಂದ ಇಂಡಿಯನ್ ಕಮ್ಯುನಿಟಿ ಬೆನೆವೊಲೆಂಟ್ ಫೋರಮ್ಮೂ ಒದಗಿಬರುವುದುಂಟು. ಹಬ್ಬ ನಾಟಕ ರಾಜ್ಯೋತ್ಸವಗಳಷ್ಟೇ ಸಂಘದ ಕೆಲಸವೆಂದು ತಿಳಿದು ದೂರ ನಿಂತವರು, ಕಾಲು ನೋಯುವ ದಿನವಾದರೂ ಅವರನ್ನು ಸಂಪರ್ಕಿಸುವುದು ಒಳ್ಳೆಯದು.

ಗಾಯ ಮುಚ್ಚಿದ ಮೇಲೆ ಉಳಿಯುವುದು ಉಗುರಿನ ಪೋಷಣೆ. ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರಿನಷ್ಟೇ ಬೆಳೆಯುವುದರಿಂದ, ಪೂರ್ತಿ ಉಗುರು ತೆಗೆಸಿದವನಲ್ಲಿ ಅದು ತುದಿಯನ್ನು ಮುಟ್ಟಲು 12ರಿಂದ 18 ತಿಂಗಳು ಬೇಕು. ಅಂಚನ್ನು ಮಾತ್ರ ತೆಗೆಸಿ ಬೇರನ್ನು ಸುಡಿಸಿಕೊಂಡವನ ಉಗುರು ಇನ್ನು ಮುಂದೆ ಮೊದಲಿಗಿಂತ ಕೊಂಚ ಕಿರಿದಾಗಿಯೇ ಇರುವುದು. ಅದು ಚಿಕಿತ್ಸೆಯ ಉದ್ದೇಶವೇ ಹೊರತು ದೋಷವಲ್ಲ. ಬೆಳೆದ ಉಗುರನ್ನು ಸ್ನಾನವಾದ ಮೇಲೆ ಮೆತ್ತಗಿರುವಾಗ ನೇರವಾಗಿ ಅಡ್ಡಕ್ಕೆ, ಬೆರಳ ತುದಿಯ ಮಟ್ಟಕ್ಕೆ ಕತ್ತರಿಸಿ, ಮೂಲೆಗಳನ್ನು ಚರ್ಮದ ಮೇಲೆ ಕಾಣುವಂತೆ ಬಿಡಬೇಕು. ಚೂಪು ತಗಲಿದರೆ ಅರದಿಂದ ತೇಯಬಹುದು, ಬ್ಲೇಡಿನಿಂದ ಅಗೆಯಲಾಗದು. ಸೇಫ್ಟಿ ಶೂವನ್ನು ಅಳತೆ ನೋಡುವುದಾದರೆ ಸಂಜೆಯ ಹೊತ್ತಿನಲ್ಲಿ, ಪಾದ ಕೊಂಚ ಉಬ್ಬಿರುವಾಗ, ದಪ್ಪ ಕಾಲುಚೀಲದೊಡನೆ ನಿಂತು ನೋಡಬೇಕು. ಅತ್ಯಂತ ಉದ್ದವಾದ ಬೆರಳಿಗೂ ಕವಚಕ್ಕೂ ನಡುವೆ ಕೈಯ ಹೆಬ್ಬೆರಳಿನ ಅಗಲದಷ್ಟು ಎಡೆಯಿರಬೇಕು. ಕಂಪೆನಿಯು ಕೊಟ್ಟ ಜೋಡು ಬಿಗಿಯಾಗಿದ್ದರೆ ಸ್ಟೋರಿನವನಲ್ಲಿ ಒಂದು ಸಂಖ್ಯೆ ದೊಡ್ಡದನ್ನು ಅಥವಾ ಅಗಲದ ಬಗೆಯದನ್ನು ಕೇಳಿ ಬದಲಾಯಿಸಿಕೊಳ್ಳತಕ್ಕದ್ದು. ಬೇರು ಪೂರ್ತಿ ಸುಡದೆ ಉಳಿದ ಕೆಲವರಲ್ಲಿ, ತಿಂಗಳುಗಳ ಮೇಲೆ ಅಂಚಿನಲ್ಲಿ ಸಣ್ಣ ಉಗುರಿನ ಮುಳ್ಳೊಂದು ತಲೆಯೆತ್ತುವುದುಂಟು. ಅದನ್ನು ಚಿಮುಟದಿಂದ ತಾನೇ ಕೀಳದೆ, ಶಸ್ತ್ರ ಮಾಡಿದ ವೈದ್ಯರಿಗೇ ತೋರಿಸಬೇಕು.